ಕೀ ಕೊಟ್ಟರೂ ತಿರುಗದ ಗ್ರಾಮಫೋನು

ಕಂಕನಾಡಿಯ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಈ ಅಂಕಣಕ್ಕೆ ಹೀಗೆ ಬರೆದಿದ್ದಾಳೆ: 'ನಮ್ಮ ಮನೆಯ ಅಟ್ಟದಲ್ಲಿ ಮುತ್ತಜ್ಜನ ಕಾಲದ ಒಂದು ಗ್ರಾಮಫೋನು ಇದೆ. ನೋಡಲು ಕರಿಯ ಸೂಟ್‌ಕೇಸಿನ ಹಾಗೆ. ಜತೆಗೆ ಇಪ್ಪತ್ತು ಪ್ಲೇಟುಗಳಿವೆ. ಹ್ಯಾಂಡ್ಲು ಸ್ವಲ್ಪ ತಿರುಗಿಸಿದರೆ ಬಿಗಿಯಾಗಿ ನಿಲ್ಲುತ್ತದೆ, ಪ್ಲೇಟು ಮಾತ್ರ ತಿರುಗುವುದಿಲ್ಲ. ರಿಪೇರಿಯವರೊಬ್ಬರಿಗೆ ತೋರಿಸಿದಾಗ ಸ್ಪ್ರಿಂಗು ಓವರ್‌ವೈಂಡ್ ಆಗಿದೆ, ಇನ್ನು ಆಗದು ಎಂದರಂತೆ. ಗುಜರಿಗೆ ಹಾಕುವ ಮೊದಲು ನಾನೇ ಒಮ್ಮೆ ಬಿಚ್ಚಿ ನೋಡಬಹುದೆ? ಅಜ್ಜಿಗೆ ಆ ಪ್ಲೇಟುಗಳನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯಿದೆ.'

ಬಹಳ ಒಳ್ಳೆಯ ಪ್ರಶ್ನೆ. ಮೊದಲು ಉತ್ತರ ಹೇಳಿ, ಅನಂತರ ವಿವರಕ್ಕೆ ಬರೋಣ. ಬಿಚ್ಚಿ ನೋಡಬಹುದು, ಆದರೆ ಒಂದು ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಇನ್ನು 'ಓವರ್‌ವೈಂಡ್' ಎಂಬುದು ರೋಗವೇ ಅಲ್ಲ. ಸ್ಪ್ರಿಂಗಿಗೆ ಪೂರ್ತಿ ಕೀ ಕೊಟ್ಟ ಮೇಲೆ ಅದು ಬಿಗಿಯಾಗಿ ನಿಲ್ಲುವುದು ಸಹಜ. ಪೂರ್ತಿ ಕೀ ಇದ್ದೂ ಯಂತ್ರ ತಿರುಗದಿದ್ದರೆ ತಪ್ಪು ಸ್ಪ್ರಿಂಗಿನದ್ದಲ್ಲ, ಅದರ ಮುಂದೆ ಎಲ್ಲೋ ಏನೋ ಅಡ್ಡ ಬಂದಿದೆ ಎಂದರ್ಥ. ಆ ಅಡ್ಡಿ ಯಾವುದು ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ಕಂಕನಾಡಿ ಎಂದೊಡನೆ ಊರವರಿಗೆ ನೆನಪಾಗುವುದು 1880ರಲ್ಲಿ ಫಾದರ್ ಮುಲ್ಲರ್ ಆರಂಭಿಸಿದ ಔಷಧಾಲಯದಿಂದ ಬೆಳೆದ ಆಸ್ಪತ್ರೆ. ಆಸ್ಪತ್ರೆಗೆ ಹೋದರೆ ವೈದ್ಯರು ಮೊದಲು ಏನು ಮಾಡುತ್ತಾರೆ? ಕತ್ತರಿ ಹಿಡಿಯುವುದಿಲ್ಲ. ಏನಾಗಿದೆ ಎಂದು ಕೇಳುತ್ತಾರೆ, ನಾಲಗೆ ನೋಡುತ್ತಾರೆ, ಎದೆಗೆ ಸ್ಟೆತಸ್ಕೋಪು ಇಡುತ್ತಾರೆ. ಯಂತ್ರದ ವಿಷಯದಲ್ಲೂ ಕ್ರಮ ಇದೇ. ಸ್ಕ್ರೂಡ್ರೈವರ್ ಕೊನೆಗೆ ಬರಬೇಕು. ಗ್ರಾಮಫೋನು ಇದನ್ನು ಕಲಿಯಲು ಬಹಳ ಒಳ್ಳೆಯ ಯಂತ್ರ, ಏಕೆಂದರೆ ಅದರಲ್ಲಿ ವಿದ್ಯುತ್ತಿಲ್ಲ, ಚಿಪ್ಪಿಲ್ಲ, ಕಣ್ಣಿಗೆ ಕಾಣದ ಕೆಲಸ ಯಾವುದೂ ಇಲ್ಲ.

ಒಳಗೆ ಏನಿದೆ?

ಥಾಮಸ್ ಎಡಿಸನ್ 1877ರಲ್ಲಿ ತಯಾರಿಸಿದ ಫೋನೋಗ್ರಾಫಿನಲ್ಲಿ ಧ್ವನಿ ದಾಖಲಾಗುತ್ತಿದ್ದುದು ತವರದ ತೆಳುಹಾಳೆ ಸುತ್ತಿದ ಉರುಳೆಯ ಮೇಲೆ. ಎಮಿಲ್ ಬರ್ಲಿನರ್ 1887ರಲ್ಲಿ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ತಂದರು. ಅವರ ಯಂತ್ರಕ್ಕೆ ಗ್ರಾಮಫೋನು ಎಂಬ ಹೆಸರು. ಮೊದಲ ಗ್ರಾಮಫೋನುಗಳನ್ನು ಹಾಡು ಮುಗಿಯುವ ತನಕ ಕೈಯಲ್ಲೇ ತಿರುಗಿಸಬೇಕಿತ್ತು. ಕೈ ನಿಧಾನವಾದರೆ ಗಾಯಕನ ಸ್ವರವೂ ಇಳಿಯುತ್ತಿತ್ತು. ಅಮೆರಿಕದ ಎಲ್ಡ್ರಿಜ್ ಜಾನ್ಸನ್ ಎಂಬ ಯಂತ್ರ ನಿರ್ಮಾಪಕ 1896ರ ಸುಮಾರಿಗೆ ಇದಕ್ಕೆ ಸ್ಪ್ರಿಂಗಿನ ಮೋಟರು ಜೋಡಿಸಿದ ಮೇಲೆಯೇ ಅದು ಮನೆಮನೆಯ ವಸ್ತುವಾದದ್ದು.

ನಮ್ಮ ವಿದ್ಯಾರ್ಥಿನಿ ಹೇಳುವ ಸೂಟ್‌ಕೇಸಿನ ಮಾದರಿಗಳಲ್ಲಿ ಹೆಚ್ಚು ಹೆಸರಾದದ್ದು 1931ರಲ್ಲಿ ಬಂದ ಎಚ್.ಎಂ.ವಿ. 102. ಇದರಲ್ಲಿ ಕಹಳೆ ಹೊರಗೆ ಕಾಣುವುದಿಲ್ಲ, ಪೆಟ್ಟಿಗೆಯೊಳಗೇ ಅಡಗಿರುತ್ತದೆ. ಮಾದರಿ ಯಾವುದೇ ಇರಲಿ, ಒಳಗಿರುವುದು ಎರಡೇ ವಿಭಾಗ. ಒಂದು ತಿರುಗಿಸುವ ವಿಭಾಗ, ಇನ್ನೊಂದು ಹಾಡುವ ವಿಭಾಗ.

ತಿರುಗಿಸುವ ವಿಭಾಗದಲ್ಲಿ ಮೊದಲು ಸ್ಪ್ರಿಂಗು. ಸುಮಾರು ಒಂದು ಅಂಗುಲ ಅಗಲದ, ಹಲವು ಮೀಟರ್ ಉದ್ದದ ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ದುಂಡನೆಯ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಹ್ಯಾಂಡ್ಲು ತಿರುಗಿಸಿದಾಗ ಸುರುಳಿ ಬಿಗಿಯಾಗುತ್ತದೆ. ಬಿಚ್ಚಿಕೊಳ್ಳುವಾಗ ಹಲ್ಲುಚಕ್ರಗಳ ಮೂಲಕ ಪ್ಲೇಟಿನ ಮಣೆಯನ್ನು ತಿರುಗಿಸುತ್ತದೆ. ಆದರೆ ಸ್ಪ್ರಿಂಗು ಬಿಗಿಯಾಗಿದ್ದಾಗ ಹೆಚ್ಚು ಬಲ, ಸಡಿಲವಾದಾಗ ಕಡಿಮೆ ಬಲ. ಹಾಗಾದರೆ ಹಾಡಿನ ಆರಂಭದಲ್ಲಿ ವೇಗ ಹೆಚ್ಚು, ಕೊನೆಗೆ ಕಡಿಮೆ ಆಗಬೇಕಲ್ಲವೆ?

ಹಾಗಾಗದಂತೆ ನೋಡಿಕೊಳ್ಳುವುದು ಗವರ್ನರ್. ಒಂದು ದಂಡದ ಸುತ್ತ ಮೂರು ಸಣ್ಣ ಲೋಹದ ಗುಂಡುಗಳು, ಒಂದೊಂದೂ ತೆಳುವಾದ ಉಕ್ಕಿನ ಎಲೆಯ ಮೇಲೆ ಕುಳಿತಿರುತ್ತವೆ. ದಂಡ ಜೋರಾಗಿ ತಿರುಗಿದಂತೆಲ್ಲ ಗುಂಡುಗಳು ಹೊರಕ್ಕೆ ಸರಿಯುತ್ತವೆ, ತಮ್ಮೊಡನೆ ಒಂದು ಬಿಲ್ಲೆಯನ್ನು ಎಳೆದುಕೊಳ್ಳುತ್ತವೆ. ಆ ಬಿಲ್ಲೆ ಒಂದು ಚರ್ಮದ ತುಂಡಿಗೆ ಉಜ್ಜುತ್ತದೆ. ಘರ್ಷಣೆಯಿಂದ ವೇಗ ಇಳಿಯುತ್ತದೆ. ವೇಗ ಇಳಿದೊಡನೆ ಗುಂಡುಗಳು ಒಳಕ್ಕೆ ಸರಿದು ಬಿಲ್ಲೆಯನ್ನು ಬಿಡುತ್ತವೆ. ಗುಂಡುಗಳನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ನೀವು ಮುಂದೆ ಓದುವಿರಿ. ಆದ್ದರಿಂದ ವೇಗ ನೂರಕ್ಕೆ 10ರಷ್ಟು ಏರಿದರೆ ಬೇಕಾಗುವ ಬಲ ನೂರಕ್ಕೆ 21ರಷ್ಟು ಏರುತ್ತದೆ. ಗವರ್ನರ್ ಇಷ್ಟು ಚುರುಕಾಗಿರುವುದಕ್ಕೆ ಇದೇ ಕಾರಣ. ಜೇಮ್ಸ್ ವಾಟ್ ತನ್ನ ಉಗಿಯಂತ್ರದಲ್ಲಿ ಬಳಸಿದ ಗವರ್ನರಿನಲ್ಲೂ ಹೀಗೆಯೇ ತಿರುಗುವ ಗುಂಡುಗಳಿದ್ದವು.

ಹಾಡುವ ವಿಭಾಗ ಇನ್ನೂ ಸರಳ. ಪ್ಲೇಟಿನ ಗೆರೆ ಎಡಕ್ಕೂ ಬಲಕ್ಕೂ ಸೂಕ್ಷ್ಮವಾಗಿ ಬಳುಕಿರುತ್ತದೆ. ಮುಳ್ಳು ಆ ಬಳುಕಿನಲ್ಲಿ ಅಲುಗಾಡುತ್ತದೆ. ಮುಳ್ಳಿನ ಅಲುಗಾಟ ಒಂದು ಸನ್ನೆಯ ಮೂಲಕ ಸೌಂಡ್‌ಬಾಕ್ಸಿನ ಪೊರೆಗೆ ಹೋಗುತ್ತದೆ. ಪೊರೆ ಹಳೆಯ ಯಂತ್ರಗಳಲ್ಲಿ ಕಾಗೆಬಂಗಾರದ್ದು, ಅಂದರೆ ಅಭ್ರಕದ್ದು. ಆಮೇಲಿನವುಗಳಲ್ಲಿ ಅಲ್ಯುಮಿನಿಯಮಿನದ್ದು. ಪೊರೆ ಗಾಳಿಯನ್ನು ಅಲುಗಾಡಿಸುತ್ತದೆ, ಆ ಅಲೆ ಕೊಳವೆಯ ಮೂಲಕ ಕಹಳೆಗೆ ಬಂದು ಕೋಣೆ ತುಂಬುತ್ತದೆ. ಅಷ್ಟೇ.

ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ

ಎರಡು ವಿಭಾಗ ಎಂದು ತಿಳಿದ ಮೇಲೆ ಪರೀಕ್ಷೆಯ ದಾರಿ ತಾನಾಗಿ ಕಾಣುತ್ತದೆ. ತಪ್ಪು ಯಾವ ವಿಭಾಗದಲ್ಲಿದೆ ಎಂದು ಮೊದಲು ತೀರ್ಮಾನಿಸಬೇಕು. ಪ್ಲೇಟು ಇಡದೆ, ಬರೀ ಮಣೆಯನ್ನು ತಿರುಗಲು ಬಿಡಿ. ಸದ್ದಿಲ್ಲದೆ, ಒಂದೇ ಸಮನೆ ತಿರುಗಿದರೆ ಮೋಟರು ಸರಿಯಿದೆ. ಅನಂತರ ಮಣೆಯನ್ನು ನಿಲ್ಲಿಸಿ, ಸೌಂಡ್‌ಬಾಕ್ಸಿಗೆ ಹೊಸ ಮುಳ್ಳು ಹಾಕಿ, ಮುಳ್ಳಿನ ತುದಿಯನ್ನು ಬೆರಳಿನಿಂದ ಬಹಳ ಹಗುರವಾಗಿ ಸವರಿ. ಕಹಳೆಯಿಂದ ಸ್ಪಷ್ಟವಾದ ಗರಗರ ಸದ್ದು ಬಂದರೆ ಹಾಡುವ ವಿಭಾಗ ಜೀವಂತವಾಗಿದೆ. ಈ ಎರಡು ಪರೀಕ್ಷೆಗೆ ಎರಡು ನಿಮಿಷ ಸಾಕು, ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಫಲಿತಾಂಶವನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ.

ಈಗ ಮೋಟರಿನ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಪೂರ್ತಿ ಕೀ ಇದೆ, ಮಣೆ ತಿರುಗುವುದಿಲ್ಲ. ಕಂಕನಾಡಿಯ ಗ್ರಾಮಫೋನಿನದು ಇದೇ ಲಕ್ಷಣ. ಮೊದಲು ಬ್ರೇಕು ನೋಡಿ. ಹಾಡು ಮುಗಿದಾಗ ತಾನಾಗಿ ಬೀಳುವ ಬ್ರೇಕು ಕೆಲವು ಯಂತ್ರಗಳಲ್ಲಿದ್ದು, ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿರುವುದುಂಟು. ಎರಡನೆಯದಾಗಿ ವೇಗ ಹೊಂದಿಸುವ ಸನ್ನೆ ನೋಡಿ. ಅದನ್ನು ತೀರ ನಿಧಾನದ ಕಡೆಗೆ ಸರಿಸಿಟ್ಟಿದ್ದರೆ ಚರ್ಮದ ತುಂಡು ಬಿಲ್ಲೆಯನ್ನು ಒತ್ತಿ ಹಿಡಿದಿರುತ್ತದೆ. ಇವೆರಡೂ ಸರಿಯಿದ್ದರೆ, ಮಣೆಯ ಅಂಚನ್ನು ಬೆರಳಿನಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ಮೆಲ್ಲಗೆ ನೂಕಿ. ಸ್ವಲ್ಪ ತಿರುಗಿ ಮತ್ತೆ ನಿಂತರೆ, ಒಳಗಿನ ಹಳೆಯ ಎಣ್ಣೆ ಮತ್ತು ಗ್ರೀಸು ಮೇಣದ ಹಾಗೆ ಗಟ್ಟಿಯಾಗಿದೆ. ದಶಕಗಟ್ಟಲೆ ಅಟ್ಟದಲ್ಲಿದ್ದ ಯಂತ್ರಗಳಲ್ಲಿ ಬಹಳ ಸಾಮಾನ್ಯವಾದ ದೋಷ ಇದು. ಬಲವಂತವಾಗಿ ಇನ್ನಷ್ಟು ಕೀ ಕೊಡಬೇಡಿ.

ಹ್ಯಾಂಡ್ಲು ಎಷ್ಟು ತಿರುಗಿಸಿದರೂ ಬಿಗಿಯಾಗುವುದೇ ಇಲ್ಲ. ಸ್ಪ್ರಿಂಗು ತುಂಡಾಗಿದೆ, ಇಲ್ಲವೆ ಅದರ ತುದಿ ಕೊಕ್ಕೆಯಿಂದ ಕಳಚಿದೆ. ಇದು ಅನುಭವಿ ಕೈಯ ಕೆಲಸ.

ಹ್ಯಾಂಡ್ಲು ಬಿಟ್ಟೊಡನೆ ಅದು ಹಿಂದಕ್ಕೆ ತಿರುಗುತ್ತದೆ. ಹಿಂದೆ ಹೋಗದಂತೆ ತಡೆಯುವ ಭಾಗ ಸವೆದಿದೆ. ಇದು ಅಪಾಯದ ಲಕ್ಷಣ. ಹ್ಯಾಂಡ್ಲು ಮಣಿಕಟ್ಟಿಗೆ ಬಡಿದರೆ ಮೂಳೆಗೇ ಪೆಟ್ಟು. ಹಾಗಿದ್ದರೆ ಕೀ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.

ಆರಂಭದಲ್ಲಿ ಸರಿಯಾಗಿದ್ದು ಹಾಡಿನ ನಡುವೆ ನಿಧಾನವಾಗುತ್ತದೆ. ಎಣ್ಣೆ ಒಣಗಿದೆ, ಇಲ್ಲವೆ ಮೊಂಡು ಮುಳ್ಳು ಗೆರೆಯಲ್ಲಿ ಉಜ್ಜುತ್ತಿದೆ.

ಒಳಗಿನಿಂದ ಆಗಾಗ 'ದಡ್' ಎಂಬ ಸದ್ದು, ಜತೆಗೆ ಮಣೆಗೆ ಒಂದು ಧಕ್ಕೆ. ಸ್ಪ್ರಿಂಗಿನ ಡಬ್ಬಿಯೊಳಗೆ ಗ್ರೀಸು ಒಣಗಿ, ಸುರುಳಿಯ ಪದರಗಳು ಒಂದಕ್ಕೊಂದು ಅಂಟಿಕೊಂಡು ಥಟ್ಟನೆ ಬಿಡುತ್ತಿವೆ.

ಮಣೆ ಹುಚ್ಚು ವೇಗದಲ್ಲಿ ಓಡುತ್ತದೆ. ಗವರ್ನರಿನ ಉಕ್ಕಿನ ಎಲೆ ಮುರಿದಿದೆ, ಇಲ್ಲವೆ ಚರ್ಮದ ತುಂಡು ಕಳಚಿ ಬಿದ್ದಿದೆ.

ಸ್ವರ ಅಲೆಅಲೆಯಾಗಿ ಏರಿಳಿಯುತ್ತದೆ. ಬೇರೆ ಪ್ಲೇಟು ಹಾಕಿ ನೋಡಿ. ಅದರಲ್ಲಿ ಸರಿಯಿದ್ದರೆ ದೋಷ ಮೊದಲಿನ ಪ್ಲೇಟಿನದು, ಅದು ಸೊಟ್ಟಗಾಗಿರಬಹುದು ಅಥವಾ ಅದರ ತೂತು ನಡುವಿನಲ್ಲಿ ಇರಲಿಕ್ಕಿಲ್ಲ. ಎಲ್ಲ ಪ್ಲೇಟುಗಳಲ್ಲೂ ಹಾಗೆಯೇ ಇದ್ದರೆ ಗವರ್ನರನ್ನು ನೋಡಬೇಕು.

ಬಿಚ್ಚಬಾರದ ಒಂದು ಭಾಗ

ಹೆತ್ತವರು ಈ ಭಾಗವನ್ನು ಮಕ್ಕಳೊಡನೆ ಕುಳಿತು ಓದಬೇಕು. ಸ್ಪ್ರಿಂಗಿನ ಡಬ್ಬಿಯ ಮುಚ್ಚಳವನ್ನು ಮನೆಯಲ್ಲಿ ತೆಗೆಯಬಾರದು. ಏಕೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. ಹ್ಯಾಂಡ್ಲಿನ ತೋಳು 10 ಸೆಂಟಿಮೀಟರ್ ಎನ್ನಿ. ಒಂದು ಸುತ್ತಿನಲ್ಲಿ ಕೈ ಸುಮಾರು 63 ಸೆಂಟಿಮೀಟರ್ ಚಲಿಸುತ್ತದೆ. ಸರಾಸರಿ 5 ನ್ಯೂಟನ್ ಬಲ, ಅಂದರೆ ಅರ್ಧ ಕಿಲೋಗ್ರಾಂ ತೂಕದಷ್ಟು, ಬೇಕಾಯಿತೆಂದು ಇಟ್ಟುಕೊಳ್ಳಿ. 40 ಸುತ್ತು ಕೊಟ್ಟರೆ ಮಾಡಿದ ಕೆಲಸ 5 × 0.63 × 40, ಅಂದರೆ ಸುಮಾರು 125 ಜೂಲ್. ಹನ್ನೆರಡೂವರೆ ಕಿಲೋಗ್ರಾಂ ಅಕ್ಕಿಮೂಟೆಯನ್ನು ಒಂದು ಮೀಟರ್ ಎತ್ತಲು ಬೇಕಾದಷ್ಟು ಶಕ್ತಿ ಅದು.

ಈ ಶಕ್ತಿ ಮೂರು ನಿಮಿಷಗಳಲ್ಲಿ ನಿಧಾನವಾಗಿ ಹೊರಬಂದರೆ ಒಂದು ವಾಟ್ ಕೂಡ ಆಗುವುದಿಲ್ಲ, ಒಂದು ಹಾಡಾಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹೊರಬಂದರೆ? ಅಕ್ಕಿಮೂಟೆ ಒಂದು ಮೀಟರ್ ಎತ್ತರದಿಂದ ಕೈಮೇಲೆ ಬಿದ್ದ ಹಾಗೆ, ಅದೂ ಹರಿತವಾದ ಉಕ್ಕಿನ ಅಂಚಿನಿಂದ. ಕೀ ಪೂರ್ತಿ ಇಳಿದ ಮೇಲೂ ಸುರುಳಿ ಡಬ್ಬಿಯೊಳಗೆ ಒತ್ತಿಕೊಂಡೇ ಇರುತ್ತದೆ, ಮುಚ್ಚಳ ತೆಗೆದರೆ ಚಿಮ್ಮಬಲ್ಲದು. ಆದ್ದರಿಂದ ಡಬ್ಬಿಯೊಳಗಿನ ಕೆಲಸವಿದ್ದರೆ ಕಲಿತವರಿಗೇ ಕೊಡಿ.

ಇನ್ನೊಂದು ನಿಯಮ: ಸ್ಪ್ರಿಂಗಿನಲ್ಲಿ ಕೀ ಇರುವಾಗ ಗವರ್ನರನ್ನು ಕಳಚಬಾರದು. ಗವರ್ನರ್ ಇಲ್ಲದ ಮೋಟರಿಗೆ ಲಗಾಮಿಲ್ಲ. ಚಕ್ರಗಳು ಒಮ್ಮೆಲೇ ಓಡಿ ತಮ್ಮ ಹಲ್ಲನ್ನೂ ನಿಮ್ಮ ಬೆರಳನ್ನೂ ಕೆಡಿಸುತ್ತವೆ.

ಉಳಿದದ್ದನ್ನು ಹೀಗೆ ಮಾಡಿ

ಹ್ಯಾಂಡ್ಲು ಕಳಚಿ, ಪ್ಲೇಟಿನ ಮಣೆಯನ್ನು ಎರಡೂ ಕೈಯಿಂದ ಸಮನಾಗಿ ಮೇಲಕ್ಕೆತ್ತಿ. ಮೋಟರು ಕುಳಿತಿರುವ ಹಲಗೆಯ ಸ್ಕ್ರೂಗಳನ್ನು ತೆಗೆದರೆ ಇಡೀ ಮೋಟರು ಹಲಗೆಯೊಡನೆ ಮೇಲೆ ಬರುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಹಳೆಯ ಇಡ್ಲಿತಟ್ಟೆಯ ಗುಳಿಗಳಲ್ಲಿ ಹಾಕುತ್ತ ಹೋದರೆ ತಿರುಗಿ ಜೋಡಿಸುವಾಗ ಗೊಂದಲವಾಗದು.

ಇಷ್ಟಾದ ಮೇಲೆ ಕೈ ಒಳಗೆ ಹಾಕದೆ, ಯಾವ ಭಾಗವನ್ನೂ ಕಳಚದೆ, ಗವರ್ನರಿನ ದಂಡದ ಎರಡೂ ತುದಿಗಳಿಗೆ, ಮಣೆಯ ಕಂಬ ಕುಳಿತಿರುವ ತೂತಿಗೆ, ಚರ್ಮದ ತುಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಸಾಕು. ಒಂದು ದಿನ ಹಾಗೇ ಬಿಡಿ. ಮರುದಿನ ಮಣೆಯನ್ನು ಮತ್ತೆ ಕೂರಿಸಿ ಮೆಲ್ಲಗೆ ನೂಕಿ ನೋಡಿ. ಬಹಳಷ್ಟು ಯಂತ್ರಗಳು ಇಷ್ಟಕ್ಕೇ ಎಚ್ಚರಗೊಳ್ಳುತ್ತವೆ. ಮೊದಲ ನಾಲ್ಕಾರು ಸಲ ಪ್ಲೇಟು ಹಾಕದೆ ಖಾಲಿ ಓಡಿಸಿ. ಕೀ ಪೂರ್ತಿ ಇಳಿದ ಮೇಲೆ ಹೊರಗೆ ಕಾಣುವ ಚಕ್ರಗಳ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಕುಂಚದಿಂದ ತೊಳೆದು ಹೊಸ ಗ್ರೀಸು ಹಚ್ಚಬಹುದು. ಇದು ಹೊರಗೆ ಜಗಲಿಯಲ್ಲಿ, ಬೆಂಕಿಯಿಂದ ದೂರದಲ್ಲಿ, ದೊಡ್ಡವರ ಎದುರಿನಲ್ಲಿ ಆಗಬೇಕಾದ ಕೆಲಸ.

ನಮ್ಮ ಕರಾವಳಿಯವರಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಯಾವುದು ಕಿರುಗುಟ್ಟಿದರೂ ತೆಂಗಿನೆಣ್ಣೆ ಬಿಡುವುದು ನಮ್ಮ ಅಭ್ಯಾಸ. ಯಂತ್ರಕ್ಕೆ ಅದು ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಹೆಪ್ಪುಗಟ್ಟುತ್ತದೆ. ಕಾಲ ಕಳೆದಂತೆ ಕಮಟಿ ಅಂಟಾಗುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ.

ಹಾಡುವ ವಿಭಾಗದ ದೋಷಗಳು

ಮೋಟರು ಸರಿಯಿದ್ದು ಸ್ವರ ಕ್ಷೀಣವಾಗಿದ್ದರೆ ಅಥವಾ ಜೇನುನೊಣದಂತೆ ಗುಂಯ್‌ಗುಟ್ಟಿದರೆ, ಮೊದಲು ಮುಳ್ಳಿನ ಸ್ಕ್ರೂ ಬಿಗಿಯಿದೆಯೆ ನೋಡಿ. ಅನಂತರ ಸೌಂಡ್‌ಬಾಕ್ಸು ಕೊಳವೆಗೆ ಸೇರುವ ಜಾಗ ನೋಡಿ. ಅಲ್ಲಿರುವ ರಬ್ಬರು ಒಣಗಿ ಕಲ್ಲಾಗಿದ್ದರೆ ಗಾಳಿ ಸೋರುತ್ತದೆ. ಕಾಗೆಬಂಗಾರದ ಪೊರೆಯುಳ್ಳ ಹಳೆಯ ಸೌಂಡ್‌ಬಾಕ್ಸುಗಳಲ್ಲಿ ಪೊರೆಯ ಎರಡೂ ಬದಿಗೆ ಒಂದೊಂದು ರಬ್ಬರು ಬಳೆಯಿರುತ್ತದೆ. ಪೊರೆ ಅಲುಗಾಡಬೇಕಾದರೆ ಅಂಚು ಮೆತ್ತಗೆ ಹಿಡಿದಿರಬೇಕು. ರಬ್ಬರು ಗಟ್ಟಿಯಾದರೆ ಸ್ವರ ಕರ್ಕಶವಾಗುತ್ತದೆ. ಸೈಕಲ್ ವಾಲ್ವಿಗೆ ಹಾಕುವ ಸಪುರ ರಬ್ಬರು ಕೊಳವೆಯನ್ನು ಅಳತೆಗೆ ಕತ್ತರಿಸಿ ಬಳೆಯಂತೆ ಕೂರಿಸಿದರೆ ಅಚ್ಚರಿಯಾಗುವಷ್ಟು ವ್ಯತ್ಯಾಸ ಕಾಣುತ್ತದೆ. ಕಾಗೆಬಂಗಾರವನ್ನು ಮಾತ್ರ ಅಂಚಿನಲ್ಲಿ ಹಿಡಿಯಿರಿ, ಅದು ಪದರಪದರವಾಗಿ ಬಿಟ್ಟುಕೊಳ್ಳುತ್ತದೆ. ಅಲ್ಯುಮಿನಿಯಮ್ ಪೊರೆಯ ಸೌಂಡ್‌ಬಾಕ್ಸನ್ನು ಬಿಚ್ಚಲು ಹೋಗಬೇಡಿ. ಆ ಪೊರೆ ಒಮ್ಮೆ ಜಜ್ಜಿಹೋದರೆ ಮೊದಲಿನಂತಾಗದು. ಕೆಲವು ಸೌಂಡ್‌ಬಾಕ್ಸುಗಳ ಹಿಂಬದಿ ಮತ್ತು ಕೊಳವೆಯ ಬುಡ ಸತು ಬೆರೆತ ಎರಕದ ಲೋಹದವು. ವಯಸ್ಸಾದಂತೆ ಅವು ಉಬ್ಬಿ ಬಿರುಕುಬಿಡುತ್ತವೆ. ತಿರುಚಿ ಎಳೆದರೆ ಚೂರಾಗುತ್ತವೆ.

ವೇಗ ಸರಿಯಿದೆಯೆ?

ಈ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ತಿರುಗಬೇಕು. ಪ್ಲೇಟಿನ ಅಡಿಯಲ್ಲಿ ಒಂದು ಕಾಗದದ ಚೂರು ಹೊರಗೆ ಕಾಣುವಂತೆ ಸಿಕ್ಕಿಸಿ, ಹಾಡುತ್ತಿರುವಾಗಲೇ ಎಣಿಸಿ. ಅರ್ಧ ನಿಮಿಷಕ್ಕೆ 39 ಸುತ್ತು ಬರಬೇಕು. 78ರ ಬದಲು 70 ಇದ್ದರೆ ಏನಾಗುತ್ತದೆ? ಶ್ರುತಿ ಹಾರ್ಮೋನಿಯಂನ ಸುಮಾರು ಎರಡು ಮನೆಯಷ್ಟು ಕೆಳಗಿಳಿಯುತ್ತದೆ. ಹೆಣ್ಣಿನ ಸ್ವರ ಗಂಡಿನ ಸ್ವರದ ಕಡೆಗೆ ಜಾರುತ್ತದೆ.

ಇನ್ನೂ ನಿಖರವಾಗಿ ನೋಡಬೇಕೆಂದರೆ ಒಂದು ಪ್ರಯೋಗ ಮಾಡಿ. ದುಂಡನೆಯ ಕಾಗದದ ಅಂಚಿನಲ್ಲಿ ಸಮದೂರದಲ್ಲಿ 77 ಕಪ್ಪು ಗೆರೆ ಎಳೆದು ಮಣೆಯ ಮೇಲಿಡಿ. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನೆಯದು, ಆದ್ದರಿಂದ ಚೋಕು ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮಣೆ 78ರ ವೇಗದಲ್ಲಿದ್ದರೆ ಎರಡು ಮಿನುಗುಗಳ ನಡುವೆ ಒಂದು ಗೆರೆಯ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ, ಗೆರೆಗಳು ನಿಂತಂತೆ ಕಾಣುತ್ತವೆ. ಮುಂದಕ್ಕೆ ಜರುಗಿದರೆ ವೇಗ ಹೆಚ್ಚು, ಹಿಂದಕ್ಕೆ ಜರುಗಿದರೆ ಕಡಿಮೆ. ಹಲವು ಎಲ್‌ಇಡಿ ದೀಪಗಳು ಹೀಗೆ ಮಿನುಗುವುದಿಲ್ಲ, ಆಗ ಪ್ರಯೋಗ ಫಲಿಸದು.

ಯಂತ್ರಕ್ಕಿಂತ ಪ್ಲೇಟು ದೊಡ್ಡದು

ಯಂತ್ರಕ್ಕೆ ಬಿಡಿಭಾಗ ಹುಡುಕಬಹುದು. ಪ್ಲೇಟು ಕೆಟ್ಟರೆ ಅದರಲ್ಲಿನ ಧ್ವನಿ ಹೋದಂತೆಯೇ. ನಮ್ಮ ದೇಶದಲ್ಲಿ ಧ್ವನಿಮುದ್ರಣ ಆರಂಭವಾದ ಕಾಲದಲ್ಲೇ, 1902ರಲ್ಲಿ, ಕಲ್ಕತ್ತಾದಲ್ಲಿ ಹಾಡಿದವರು ಗೌಹರ್ ಜಾನ್. ಆ ಧ್ವನಿಯ ಪ್ಲೇಟುಗಳು ಅಚ್ಚಾದದ್ದು ಜರ್ಮನಿಯ ಹನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ಗುರುತು ಸಿಗಲೆಂದು ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಅವರು ಕೊನೆಗೆ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಹೆಸರು ಹೇಳುವ ಧ್ವನಿ ಈಗಲೂ ಕೇಳಿಸುತ್ತಿರುವುದು ಪ್ಲೇಟುಗಳನ್ನು ಯಾರೋ ಜೋಪಾನ ಮಾಡಿದ್ದರಿಂದ. ನಮ್ಮವರೇ ಆದ ಪಿ. ಕಾಳಿಂಗರಾಯರ ಹಾಡುಗಳೂ ಇಂಥ ಪ್ಲೇಟುಗಳಲ್ಲಿ ಮನೆಮನೆಗೆ ಬಂದವು. ನಮ್ಮಲ್ಲಿ ಈ ಪ್ಲೇಟುಗಳು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ 78ರ ಪ್ಲೇಟಾಗಿ ಬಂದಿದ್ದವು.

ಪ್ಲೇಟಿನ ಶತ್ರು ಹಳೆಯ ಮುಳ್ಳು. ಲೆಕ್ಕ ನೋಡಿ. ಮೂರು ನಿಮಿಷಕ್ಕೆ 234 ಸುತ್ತು. ಹತ್ತು ಅಂಗುಲದ ಪ್ಲೇಟಿನ ಗೆರೆಗಳ ಸರಾಸರಿ ತ್ರಿಜ್ಯ ಎಂಟೂವರೆ ಸೆಂಟಿಮೀಟರ್ ಎಂದರೆ, ಒಂದು ಬದಿ ಮುಗಿಯುವಾಗ ಮುಳ್ಳು ಸುಮಾರು 125 ಮೀಟರ್ ಉಜ್ಜಿಕೊಂಡು ಹೋಗಿರುತ್ತದೆ. ಅದರ ಮೇಲಿನ ಭಾರ 100 ಗ್ರಾಂಗೂ ಹೆಚ್ಚು. ಅಷ್ಟರಲ್ಲಿ ಉಕ್ಕಿನ ತುದಿ ಸವೆದು ಉಳಿಯಾಗುತ್ತದೆ, ಎರಡನೆಯ ಸಲ ಗೆರೆಯ ಗೋಡೆಯನ್ನೇ ಕೆತ್ತುತ್ತದೆ. ಆದ್ದರಿಂದ ಒಂದು ಬದಿಗೆ ಒಂದು ಮುಳ್ಳು, ಇದು ನಿಯಮ. ಹೊಸ ಉಕ್ಕಿನ ಮುಳ್ಳುಗಳು ಈಗಲೂ ಡಬ್ಬಿಯಲ್ಲಿ ಮಾರಾಟಕ್ಕೆ ಸಿಗುತ್ತವೆ, ದುಬಾರಿಯಲ್ಲ. ಆಮೇಲಿನ ಕಾಲದ ಎಲ್.ಪಿ. ಪ್ಲೇಟುಗಳನ್ನು ಈ ಯಂತ್ರದಲ್ಲಿ ಹಾಕಲೇಬಾರದು. ಒಂದೇ ಸಲಕ್ಕೆ ಹಾಳಾಗುತ್ತವೆ.

ಈ ಪ್ಲೇಟಿನ ಮುಖ್ಯ ಅಂಟು ಅರಗು. ನಮ್ಮ ದೇಶದ ಮುತ್ತುಗ, ಕುಸುಮ ಮರಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ವಸ್ತು ಅದು. ಬಡಗಿಗಳು ಫ್ರೆಂಚ್ ಪಾಲಿಷ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರೆ. ಹಾಗಾದರೆ ಪ್ಲೇಟನ್ನು ಸ್ಪಿರಿಟ್ಟು ಅಥವಾ ಸ್ಯಾನಿಟೈಸರಿನಿಂದ ಒರೆಸಿದರೆ ಏನಾಗುತ್ತದೆಂದು ನೀವೇ ಊಹಿಸಿ. ಮಳೆಗಾಲದಲ್ಲಿ ಮಂಗಳೂರಿನ ಗಾಳಿಗೆ ಪ್ಲೇಟಿನ ಮೇಲೆ ಬಿಳಿ ಬೂಷ್ಟು ಬರುವುದು ಸಾಮಾನ್ಯ. ಒಂದು ತೊಟ್ಟು ಸೋಪು ಬೆರೆಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಹಿಂಡಿ, ಗೆರೆಯ ದಿಕ್ಕಿನಲ್ಲೇ ಒರೆಸಿ, ನಡುವಿನ ಕಾಗದಕ್ಕೆ ನೀರು ತಾಗದಂತೆ ನೋಡಿಕೊಂಡು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ.

ಹೆತ್ತವರಲ್ಲಿ ಒಂದು ಮಾತು. ಗುಜರಿಯವರು ಕೊಡುವುದು ಕಬ್ಬಿಣದ ಬೆಲೆ. ಹಳೆಯದನ್ನು ಮಾರಿ, ಹೊಳೆಯುವ ಹಿತ್ತಾಳೆಯ ದೊಡ್ಡ ಕಹಳೆಯುಳ್ಳ 'ಆಂಟಿಕ್' ಗ್ರಾಮಫೋನು ಕೊಳ್ಳುವ ಆಸೆಯೂ ಕೆಲವರಿಗಿರುತ್ತದೆ. ಅಂಥವುಗಳಲ್ಲಿ ಬಹಳಷ್ಟು ಈಚೆಗೆ ಹೊಸದಾಗಿ ಜೋಡಿಸಿದ ನಕಲಿಗಳು, ನಾಯಿಯ ಚಿತ್ರವನ್ನೂ ಹೊಸದಾಗಿ ಅಂಟಿಸಿರುತ್ತಾರೆ. ಅಟ್ಟದಲ್ಲಿರುವ ಕರಿಯ ಸೂಟ್‌ಕೇಸು ಅವುಗಳಿಗಿಂತ ಎಷ್ಟೋ ಒಳ್ಳೆಯ ಯಂತ್ರ. ಮಕ್ಕಳು ಬಿಚ್ಚಿದರೆ ಕೆಟ್ಟೀತು ಎಂದು ಹೆದರುವ ಬದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಕೆಲಸ, ಶಕ್ತಿ, ಘರ್ಷಣೆ, ಶಬ್ದ ಎಂದು ಪ್ರೌಢಶಾಲೆಯ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರುವ ಪಾಠಗಳೆಲ್ಲ ಆ ಪೆಟ್ಟಿಗೆಯಲ್ಲಿ ಒಟ್ಟಿಗಿವೆ.

ಕಂಕನಾಡಿಯ ವಿದ್ಯಾರ್ಥಿನಿಗೆ ಕೊನೆಯದಾಗಿ ಕ್ರಮ ಇಷ್ಟು. ಮೊದಲು ಬ್ರೇಕು, ಆಮೇಲೆ ವೇಗದ ಸನ್ನೆ, ಆಮೇಲೆ ಎಣ್ಣೆ, ಒಂದು ದಿನದ ತಾಳ್ಮೆ. ತಿರುಗಿದರೆ ಅಜ್ಜಿ ಹೇಳಿದ ಪ್ಲೇಟನ್ನು ಮೊದಲಿಗೇ ಹಾಕಬೇಡ. ಅಷ್ಟೇನೂ ಬೇಕಾಗಿಲ್ಲದ ಒಂದು ಪ್ಲೇಟಿನಲ್ಲಿ ವೇಗ, ಸ್ವರ ಎರಡನ್ನೂ ಸರಿಮಾಡಿಕೊಂಡು, ಹೊಸ ಮುಳ್ಳು ಹಾಕಿ, ಆಮೇಲೆ ಅಜ್ಜಿಯನ್ನು ಕರೆ. ಹಾಡುವಾಗಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೋ, ಪದೇ ಪದೇ ಕೇಳಬೇಕೆನಿಸಿದಾಗ ಪ್ಲೇಟನ್ನು ಸವೆಸಬೇಕಾಗುವುದಿಲ್ಲ. ಪೂರ್ತಿ ಕೀ ಕೊಟ್ಟು ಪೆಟ್ಟಿಗೆ ಮುಚ್ಚಬೇಡ, ಕೀ ಇಳಿಸಿಯೇ ಮುಚ್ಚು. ಹೀಗೆ ಮಾಡಿಯೂ ತಿರುಗದಿದ್ದರೆ ನೋಟುಪುಸ್ತಕದಲ್ಲಿ ಬರೆದ ಲಕ್ಷಣಗಳನ್ನು ಈ ಅಂಕಣಕ್ಕೆ ಕಳಿಸು. ಮುಂದಿನ ಹೆಜ್ಜೆಯನ್ನು ಸೇರಿ ಯೋಚಿಸೋಣ.